ಜಾವಾದ ಲೆಕ್ಕವನ್ನು ಜಾವಾಸ್ಕ್ರಿಪ್ಟ್‌ನಿಂದ ಕರೆದ ನನ್ನ ಅನುಭವ

ಸಾಲದ ಮಾಸಿಕ ಕಂತನ್ನು ಲೆಕ್ಕ ಹಾಕುವ ನಮ್ಮ ಜಾವಾ ಕ್ಲಾಸ್ ವರ್ಷಗಳಿಂದ ಸರ್ವರ್‌ನಲ್ಲಿ ಓಡುತ್ತಿತ್ತು. ಅದೇ ಲೆಕ್ಕ ಕೈಯಿಂದ ಬರೆದ ಹಳೆಯ ಜಾವಾಸ್ಕ್ರಿಪ್ಟ್ ಪುಟದೊಳಗೂ ಬೇಕಾದಾಗ ಅದನ್ನು ಮತ್ತೊಮ್ಮೆ ಬರೆಯಲು ನನಗೆ ಮನಸ್ಸಾಗಲಿಲ್ಲ. ಒಂದೇ ಬಡ್ಡಿಗೆ ಎರಡು ಕಡೆ ಸೂತ್ರವಿದ್ದರೆ ಎಂದಾದರೊಂದು ದಿನ ಪೈಸೆಯ ವ್ಯತ್ಯಾಸ ಬಂದೇ ಬರುತ್ತದೆ. ಆದ್ದರಿಂದ ಗೂಗಲ್ ವೆಬ್ ಟೂಲ್‌ಕಿಟ್, ಅಂದರೆ ಜಿಡಬ್ಲ್ಯೂಟಿ ಬಳಸಿ, ಆ ಜಾವಾ ಕೋಡನ್ನೇ ಜಾವಾಸ್ಕ್ರಿಪ್ಟ್‌ಗೆ ಕಂಪೈಲ್ ಮಾಡಿದೆ.

ಕಂಪೈಲ್ ಸಲೀಸಾಗಿ ಮುಗಿಯಿತು, ಆದರೆ ಪುಟದಿಂದ ಕರೆಯಲು ಫಂಕ್ಷನ್ನೇ ಇರಲಿಲ್ಲ. ಈ ಕಂಪೈಲರ್ ಹೆಸರುಗಳನ್ನು ಗುರುತು ಸಿಗದಷ್ಟು ಕುಗ್ಗಿಸುತ್ತದೆ, ಜಾವಾ ಕಡೆಯಿಂದ ಯಾರೂ ಕರೆಯದ ಮೆಥಡ್‌ಗಳನ್ನು ಕಿತ್ತೇ ಹಾಕುತ್ತದೆ. ಹೀಗಾಗಿ ಜೆಎಸ್‌ಎನ್‌ಐ ನೇಟಿವ್ ಮೆಥಡ್ ಒಂದನ್ನು, ಅಂದರೆ ಜಾವಾ ಫೈಲಿನೊಳಗೇ ಜಾವಾಸ್ಕ್ರಿಪ್ಟ್‌ನಲ್ಲಿ ಬರೆಯಬಹುದಾದ ಮೆಥಡ್ಡನ್ನು, ಬರೆದು, ಕಂತಿನ ಮೆಥಡ್ಡನ್ನು ಪುಟದ ವಿಂಡೋವನ್ನು ಸೂಚಿಸುವ ಡಾಲರ್-ಡಬ್ಲ್ಯೂಎನ್‌ಡಿ ($wnd) ಎಂಬ ಆಬ್ಜೆಕ್ಟ್‌ಗೆ ಸ್ಥಿರವಾದ ಹೆಸರಿನಲ್ಲಿ ಸೇರಿಸಿದೆ. ಇಲ್ಲಿ ಬರಿಯ ವಿಂಡೋ ಎಂದು ಬರೆಯುವುದು ತಪ್ಪು, ಏಕೆಂದರೆ ಕಂಪೈಲಾದ ಕೋಡ್ ಅಡಗಿದ ಐಫ್ರೇಮ್‌ನಲ್ಲಿ ಓಡುತ್ತಿದ್ದರೆ ಅದರ ವಿಂಡೋ ಬೇರೆ, ಪುಟದ ವಿಂಡೋ ಬೇರೆ. ಮೆಥಡ್ಡನ್ನು ಹೊರಗಿನಿಂದ ಬರುವ ಕರೆಗಳಿಗೆಂದೇ ಜಿಡಬ್ಲ್ಯೂಟಿ ಕೊಡುವ ಡಾಲರ್-ಎಂಟ್ರಿ ($entry) ಫಂಕ್ಷನ್‌ನಲ್ಲಿ ಸುತ್ತಿದ ಮೇಲೆ, ಜಾವಾದೊಳಗೆ ಹಿಡಿಯದೆ ಬಿಟ್ಟ ಎಕ್ಸೆಪ್ಶನ್‌ಗಳು (ಓಡುವಾಗ ಏಳುವ ದೋಷಗಳು) ನಮ್ಮ ಹ್ಯಾಂಡ್ಲರ್‌ಗೆ ತಲುಪತೊಡಗಿದವು.

ಅಸಲನ್ನು ಪೈಸೆಯಲ್ಲಿ, ಲಾಂಗ್ ಎಂಬ ಪೂರ್ಣಾಂಕದ ಬಗೆಯಲ್ಲಿ ಇಟ್ಟಿದ್ದೆವು. ಜಾವಾದ ಲಾಂಗ್ 64 ಬಿಟ್‌ಗಳದ್ದು. ಜಾವಾಸ್ಕ್ರಿಪ್ಟ್‌ನ ಸಂಖ್ಯೆ 53 ಬಿಟ್‌ಗಳವರೆಗಿನ ಪೂರ್ಣಾಂಕವನ್ನಷ್ಟೇ ನಿಖರವಾಗಿ ಹಿಡಿಯುತ್ತದೆ. ಹೀಗಾಗಿ ಜಾವಾ ಮತ್ತು ಜಾವಾಸ್ಕ್ರಿಪ್ಟ್‌ಗಳ ನಡುವಿನ ಗಡಿ ದಾಟುವ ಲಾಂಗ್ ಅನ್ನು ಕಂಪೈಲರ್ ಒಪ್ಪಲಿಲ್ಲ. ಪುಟ ಕರೆಯುವ ತೆಳುವಾದ ಹೊರಪದರದಲ್ಲಿ ಮಾತ್ರ ಡಬಲ್ (ಜಾವಾಸ್ಕ್ರಿಪ್ಟ್ ಸಂಖ್ಯೆಗೆ ಹೊಂದುವ ಜಾವಾದ ಬಗೆ) ಸ್ವೀಕರಿಸಿ, ಒಳಗೆ ಲಾಂಗ್‌ಗೆ ಬದಲಾಯಿಸಿದೆ. ಮೂಲ ಕ್ಲಾಸನ್ನು ಮುಟ್ಟಲಿಲ್ಲ. ಇದೇ ಸರಿಯಾದ ಜಾಗವೆಂದು ಈಗಲೂ ನನ್ನ ಅಭಿಪ್ರಾಯ.

ಜಿಡಬ್ಲ್ಯೂಟಿಯ 2.8 ಆವೃತ್ತಿಗೆ ಬಂದಾಗ ನೇಟಿವ್ ಮೆಥಡ್ ತೆಗೆದು, ಎರಡೂ ಭಾಷೆಗಳನ್ನು ಬೆಸೆಯುವ ಹೊಸ ವ್ಯವಸ್ಥೆಯಾದ ಜೆಎಸ್‌ಇಂಟರಾಪ್‌ನ ಜೆಎಸ್‌ಟೈಪ್ ಆನೊಟೇಶನ್ (ಕ್ಲಾಸಿನ ಮೇಲೆ ಬರೆಯುವ ಗುರುತು) ಹಾಕಿದೆ. ಒಂದೇ ಹೆಸರಿನ ಎರಡು ಮೆಥಡ್‌ಗಳು ಹೊರಗೆ ಕಾಣುವಂತಿಲ್ಲವಾದ್ದರಿಂದ ಒಂದಕ್ಕೆ ಬೇರೆ ಹೆಸರಿಟ್ಟೆ. ಜೆಎಸ್‌ಇಂಟರಾಪ್ ಎಕ್ಸ್‌ಪೋರ್ಟ್‌ಗಳನ್ನು ಉತ್ಪಾದಿಸುವ ಆಯ್ಕೆಯನ್ನು ಕಂಪೈಲರ್‌ಗೆ ಕೊಡಲು ಮರೆತು ಅರ್ಧ ದಿನ ಕಳೆದುಕೊಂಡೆ.

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಸಮಯ. ಕಚೇರಿಯ ವೇಗದ ನೆಟ್‌ವರ್ಕ್‌ನಲ್ಲಿ ಸರಿಯಾಗಿದ್ದ ಪುಟ, ನಿಧಾನವಾದ ಮೊಬೈಲ್ ಸಂಪರ್ಕದಲ್ಲಿ ಫಂಕ್ಷನ್ ಸಿಗಲಿಲ್ಲವೆಂದು ನಿಂತುಬಿಡುತ್ತಿತ್ತು. ಪುಟದಲ್ಲಿ ಸೇರಿಸುವ ನೋಕ್ಯಾಶ್ ಫೈಲು ನಿಜವಾದ ಕೋಡನ್ನು ಆಮೇಲೆ, ತನ್ನದೇ ವೇಗದಲ್ಲಿ ತರುತ್ತದೆ. ಅಷ್ಟರೊಳಗೆ ನಮ್ಮ ಸ್ಕ್ರಿಪ್ಟ್ ಕರೆ ಮಾಡಿರುತ್ತಿತ್ತು. ಕೊನೆಗೆ, ಕೋಡ್ ಬಂದು ಸೇರಿದೊಡನೆ ಓಡುವ ಆನ್‌ಮಾಡ್ಯೂಲ್‌ಲೋಡ್ ಮೆಥಡ್ಡಿನ ಕಟ್ಟಕಡೆಯ ಸಾಲಿನಲ್ಲಿ ಪುಟವೇ ಕೊಟ್ಟ ಒಂದು ಕಾಲ್‌ಬ್ಯಾಕ್ (ಸಿದ್ಧವಾಯಿತೆಂದು ತಿಳಿಸುವ ಫಂಕ್ಷನ್) ಅನ್ನು ಕರೆಯುವಂತೆ ಮಾಡಿ, ಅದು ಬರುವವರೆಗೆ ‘ಲೆಕ್ಕ ಹಾಕಿ’ ಗುಂಡಿಯನ್ನು ಒತ್ತಲಾಗದಂತೆ ಇಟ್ಟೆ.