ಫ್ರೆಂಚ್ ರೆಸ್ಟೋರೆಂಟಿನಲ್ಲಿ ಮಧ್ಯಾಹ್ನದ ಊಟ: ಮೊದಲು ಸ್ಟಾಕ್ ಯಾವುದೆಂದು ವಿಚಾರಿಸಿ

ಬೆಂಗಳೂರಿನಲ್ಲಿ ಹೊಸದೊಂದು ಫ್ರೆಂಚ್ ರೆಸ್ಟೋರೆಂಟ್ ಶುರುವಾದರೆ ಮೊದಲ ವಾರ ಎಲ್ಲರ ಫೋನಿನಲ್ಲೂ ಅದರದ್ದೇ ಫೋಟೊ. ಎರಡನೇ ವಾರದಿಂದ ನೆಂಟರ ವಾಟ್ಸ್ಆ್ಯಪ್ ಗುಂಪಿನಲ್ಲಿ ದೂರು: ‘ಬಿಲ್ ನೋಡಿ ತಲೆ ತಿರುಗಿತು, ಹೊಟ್ಟೆಯೂ ತುಂಬಲಿಲ್ಲ, ಆಮೇಲೆ ನೋಡಿದರೆ ಸೂಪು ವೆಜ್ಜೇ ಅಲ್ವಂತೆ.’ ಮೂರನ್ನೂ ತಪ್ಪಿಸಬಹುದು. ಜನ ಹೆಚ್ಚಾಗಿ ಎಡವುವುದು ಕೊನೆಯದರಲ್ಲಿ, ಸೂಪಿನ ಸ್ಟಾಕ್, ಅಂದರೆ ಮೂಳೆಯನ್ನೋ ತರಕಾರಿಯನ್ನೋ ಕುದಿಸಿ ಸೋಸಿದ ಕಟ್ಟು, ಯಾವುದೆಂದು ಕೇಳದೆ.

ಹಂತ 1: ದಿನ ಮತ್ತು ಹೊತ್ತು

ವಾರದ ದಿನ ಹೋಗಿ, ಭಾನುವಾರದ ಬ್ರಂಚ್ ಬೇಡ. ಬಹಳಷ್ಟು ಕಡೆ ಸೋಮವಾರದಿಂದ ಶುಕ್ರವಾರದವರೆಗೆ ಸೆಟ್ ಲಂಚ್ ಇರುತ್ತದೆ. ಎರಡೋ ಮೂರೋ ಕೋರ್ಸ್‌ಗೆ ಒಂದೇ ಬೆಲೆ. ಫ್ರಾನ್ಸಿನಲ್ಲಿ ಆಫೀಸಿನವರು ಮಧ್ಯಾಹ್ನ ತಿನ್ನುವುದೂ ಹೀಗೆಯೇ, ಬಾಗಿಲ ಬಳಿ ಅಂದಿನ ಊಟ ಬರೆದ ಕಪ್ಪು ಹಲಗೆ ನೋಡಿಕೊಂಡು. ಮಧ್ಯಾಹ್ನ ಒಂದು ಹೊಡೆಯುವ ಮೊದಲೇ ಕೂತುಬಿಡಿ. ಎರಡೂವರೆಗೆ ಹೋದರೆ ಅಡುಗೆಮನೆಯವರು ಪಾತ್ರೆ ಎತ್ತಿಡುತ್ತಿರುತ್ತಾರೆ. ಹೊಸ ಜಾಗವಾದರೆ ಒಂದು ತಿಂಗಳು ಕಳೆಯಲಿ. ಅಡುಗೆಯವರ ಕೈ ಪಳಗುವ ಮೊದಲೇ ದುಡ್ಡು ಸುರಿಯುವ ಅವಸರ ಯಾಕೆ?

ಹಂತ 2: ಬ್ರೆಡ್

ಕೈಯಲ್ಲಿ ಮುರಿದು ತಿನ್ನಿ, ಚಾಕು ಬೇಡ. ಮುರಿದಾಗ ಕರಕರ ಸದ್ದಾಗಿ ಮೇಜಿನ ಮೇಲೆ ಚೂರು ಉದುರಬೇಕು, ಒಳಗೆ ಸಣ್ಣ ದೊಡ್ಡ ತೂತುಗಳು ಕಾಣಬೇಕು. ಮೇಲಿನ ಸಿಪ್ಪೆ ಹಾಳೆಯ ಹಾಗೆ ಕಳಚಿ, ಒಳಗೆ ಬರೀ ಹತ್ತಿಯಂತಿದ್ದರೆ ಅರ್ಧ ಬೆಂದು ಫ್ರೀಜರಿನಲ್ಲಿ ಕೂತಿದ್ದ ಬ್ರೆಡ್ಡನ್ನು ಬಿಸಿ ಮಾಡಿ ಕೊಟ್ಟಿದ್ದಾರೆ ಎಂದೇ ನನ್ನ ಲೆಕ್ಕ. ಫ್ರಾನ್ಸಿನಲ್ಲಿ 1993ರಿಂದ ಇದಕ್ಕೊಂದು ಸರ್ಕಾರಿ ನಿಯಮವೇ ಇದೆ: ‘ಸಾಂಪ್ರದಾಯಿಕ ಫ್ರೆಂಚ್ ಬ್ರೆಡ್’ ಎಂಬ ಹೆಸರಲ್ಲಿ ಮಾರುವುದನ್ನು ಯಾವ ಹಂತದಲ್ಲೂ ಫ್ರೀಜ್ ಮಾಡುವಂತಿಲ್ಲ. ಬ್ರೆಡ್ ಹತ್ತಿಯಂತಿದ್ದ ಕಡೆ ನಾನು ಮೂರು ಕೋರ್ಸ್ ಹೇಳುವುದಿಲ್ಲ, ಎರಡಕ್ಕೇ ಎದ್ದುಬಿಡುತ್ತೇನೆ.

ಹಂತ 3: ಮೆನು

ಇಲ್ಲಿ ಅವಸರ ಬೇಡ. ನಮ್ಮವರು ಮೆನು ತೆರೆದ ಕೂಡಲೇ ಕೇಳುವ ಪ್ರಶ್ನೆ ‘ಇದು ವೆಜ್ಜಾ?’ ಅದರಿಂದ ಏನೂ ತಿಳಿಯುವುದಿಲ್ಲ. ಬಡಿಸುವ ಹುಡುಗ ಕೆಲಸಕ್ಕೆ ಸೇರಿ ಎರಡು ವಾರ ಆಗಿರುತ್ತದೆ. ಆನಿಯನ್ ಸೂಪಿನಲ್ಲಿ ಅವನ ಕಣ್ಣಿಗೆ ಬೀಳುವುದು ಈರುಳ್ಳಿ, ಬ್ರೆಡ್, ಚೀಸ್. ‘ಯೆಸ್ ಮ್ಯಾಮ್, ಓನ್ಲಿ ಆನಿಯನ್’ ಅಂದುಬಿಡುತ್ತಾನೆ. ಸುಳ್ಳು ಹೇಳುತ್ತಿಲ್ಲ ಪಾಪ, ಅವನಿಗೂ ಗೊತ್ತಿಲ್ಲ.

ನಮ್ಮ ಸಾರಿಗೆ ಬೇಳೆಕಟ್ಟು ಹೇಗೋ ಫ್ರೆಂಚ್ ಅಡುಗೆಗೆ ಸ್ಟಾಕ್ ಹಾಗೆ. ಮೂಳೆ, ಕ್ಯಾರೆಟ್, ಈರುಳ್ಳಿ, ಸೆಲರಿಯನ್ನು ಗಂಟೆಗಟ್ಟಲೆ ಕುದಿಸಿ ಸೋಸಿ ಇಟ್ಟುಕೊಂಡಿರುತ್ತಾರೆ. ಸೋಸಿದ ಮೇಲೆ ಮಾಂಸದ ಗುರುತು ಎಲ್ಲಿಯೂ ಉಳಿಯುವುದಿಲ್ಲ. ಆನಿಯನ್ ಸೂಪಿಗೆ ಅಲ್ಲಿನ ಸಂಪ್ರದಾಯದಂತೆ ದನದ ಮೂಳೆಯ ಸ್ಟಾಕ್; ಕೋಳಿಯದನ್ನು ಹಾಕುವವರಿದ್ದಾರೆ, ತರಕಾರಿಯದನ್ನು ಹಾಕುವವರೂ ಇದ್ದಾರೆ. ಆದ್ದರಿಂದ ಕೇಳಬೇಕಾದದ್ದು: ‘ಈ ಸೂಪಿಗೆ ಯಾವ ಸ್ಟಾಕ್ ಹಾಕಿದ್ದೀರಿ? ಒಳಗೆ ಕೇಳಿಕೊಂಡು ಬನ್ನಿ.’ ಎರಡನೇ ವಾಕ್ಯ ಮರೆಯಬೇಡಿ. ಮೇಜಿನ ಬಳಿ ನಿಂತೇ ಕೊಟ್ಟ ಉತ್ತರವನ್ನು ನಾನಂತೂ ನಂಬುವುದಿಲ್ಲ.

ಸಾಸ್‌ಗಳಲ್ಲೂ ಇದೇ ಕಥೆ. ಬೆಶಮೆಲ್ ಅಂದರೆ ಬೆಣ್ಣೆ, ಮೈದಾ, ಹಾಲು, ಧೈರ್ಯವಾಗಿ ತಿನ್ನಿ. ವೆಲೂಟೆ ಅಂದರೆ ಅದೇ ಬೆಣ್ಣೆ ಮೈದಾಕ್ಕೆ ಹಾಲಿನ ಬದಲು ಸ್ಟಾಕ್. ಡೆಮಿ-ಗ್ಲಾಸ್ ಅಂದರೆ ಮೂಳೆಯ ಸ್ಟಾಕನ್ನೇ ಬತ್ತಿಸಿದ ಸಾಸ್, ಅದಿದ್ದರೆ ಸಸ್ಯಾಹಾರಿಗಳು ಮುಂದಿನ ಸಾಲಿಗೆ ಹೋಗಿ. ಕೀಶ್ ಲೊರೇನ್ ಎಂಬ ಮೊಟ್ಟೆಯ ಪೈನಲ್ಲಿ ಬೇಕನ್, ಕ್ರೋಕ್ ಮಸ್ಯೂ ಎಂಬ ಚೀಸ್ ಸ್ಯಾಂಡ್‌ವಿಚ್‌ನಲ್ಲಿ ಹ್ಯಾಮ್, ಎರಡೂ ಹಂದಿಮಾಂಸವೇ. ಆಲಿವ್ ಚಟ್ನಿಯ ಹಾಗೆ ಕಾಣುವ ಟಾಪನಾಡ್‌ನಲ್ಲಿ ಆಂಚೊವಿ ಎಂಬ ಪುಟ್ಟ ಮೀನು ಅರೆದಿರುತ್ತಾರೆ, ನಾಲಿಗೆಗೆ ಬರೀ ಉಪ್ಪಿನಂತೆ ಸಿಗುತ್ತದೆ. ಹಲವು ಸಾಂಪ್ರದಾಯಿಕ ಚೀಸ್‌ಗಳಿಗೆ ಹಾಲು ಒಡೆಸಲು ಬಳಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್. ಮಡಿ ಪಾಲಿಸುವವರು ಅದನ್ನೂ ವಿಚಾರಿಸಲಿ. ಮೊಟ್ಟೆ ಮುಟ್ಟದವರಿಗೆ ಕೀಶ್, ಕ್ರೇಪ್, ಸೂಫ್ಲೆ, ಮೂಸ್ ಎಲ್ಲವೂ ಹೋಯಿತು.

ಹಾಗಾದರೆ ಉಳಿದದ್ದೇನು? ಗ್ರಾಟಿನ್ ದೋಫಿನ್ವಾ: ಆಲೂಗಡ್ಡೆ ಬಿಲ್ಲೆ, ಕ್ರೀಮ್, ಬೆಳ್ಳುಳ್ಳಿ, ಮೇಲೆ ಕಂದು ಕೆನೆ. ಇದರ ಮುಂದೆ ಮೆನುವಿನ ಉಳಿದ ವೆಜ್ ತಿನಿಸುಗಳೆಲ್ಲ ಸಪ್ಪೆ. ರಾಟಟೂಯಿ ಕೂಡ ಸುರಕ್ಷಿತ. ಬದನೆ, ಜುಕಿನಿ, ಟೊಮೆಟೊ, ದಪ್ಪ ಮೆಣಸಿನಕಾಯಿ ಆಲಿವ್ ಎಣ್ಣೆಯಲ್ಲಿ ಬೆಂದಿರುತ್ತವೆ. ಆದರೆ ಅದೊಂದು ಪಲ್ಯ. ಪಲ್ಯಕ್ಕೆ ಮೇನ್ ಕೋರ್ಸಿನ ದುಡ್ಡು ಕೊಡಬೇಡಿ, ಸೈಡ್ ಡಿಶ್ ಆಗಿ ಹೇಳಿ.

ಮಾಂಸ ತಿನ್ನುವವರಿಗೆ: ಒಳಗೆ ಕೆಂಪಗಿದ್ದರೆ ಗಂಟಲಲ್ಲಿ ಇಳಿಯದು ಎನ್ನುವವರು ಸ್ಟೇಕ್ ತರಿಸಿ ‘ವೆಲ್ ಡನ್’ ಅನ್ನುವುದು ಬೇಡ, ಚಪ್ಪಲಿ ಸಿಗುತ್ತದೆ. ಡಕ್ ಕಾನ್ಫಿ ಹೇಳಿ. ಬಾತುಕೋಳಿಯ ಕಾಲು ಅದರದೇ ಕೊಬ್ಬಿನಲ್ಲಿ ಸಣ್ಣ ಉರಿಯ ಮೇಲೆ ಬೆಂದು ಮೂಳೆಯಿಂದ ತಾನಾಗಿ ಬಿಡುತ್ತದೆ. ಕೋಕ್ ಓ ವ್ಯಾಂ ಎಂಬ ಕೋಳಿಯ ಅಡುಗೆಯಲ್ಲಿ ವೈನ್ ಇದೆ, ಕುದಿಸಿದ ಮಾತ್ರಕ್ಕೆ ಆಲ್ಕೊಹಾಲ್ ಪೂರ್ತಿ ಹೋಗುವುದಿಲ್ಲ.

ಇನ್ನೊಂದು ಮಾತು. ಯಾವುದರ ಮುಂದೆಯಾದರೂ ‘ಟ್ರಫಲ್ ಆಯಿಲ್’ ಎಂದು ಬರೆದು ಬೆಲೆ ಏರಿಸಿದ್ದರೆ ಬಿಟ್ಟುಬಿಡಿ. ಆ ಎಣ್ಣೆಗಳಲ್ಲಿ ಬಹುಪಾಲಿಗೆ ಘಮ ಬರುವುದು ಪ್ರಯೋಗಾಲಯದಲ್ಲಿ ತಯಾರಾದ ರಾಸಾಯನಿಕದಿಂದ, ಟ್ರಫಲ್ ಎಂಬ ನೆಲದಡಿಯ ಅಣಬೆಯಿಂದಲ್ಲ. ಸಂಜೆಯವರೆಗೂ ತೇಗಿನಲ್ಲಿ ಅದೇ ವಾಸನೆ.

ಹಂತ 4: ತಿನ್ನುವುದು

ಸೂಪ್ ಒನ್ ಬೈ ಟೂ ಕೇಳಲು ಸಂಕೋಚ ಬೇಡ, ಮೇನ್ ಮಾತ್ರ ತಲೆಗೊಂದು ಇರಲಿ. ನಡುವೆ ಇಟ್ಟು ನಾಲ್ವರು ಚಮಚ ಹಾಕಿದರೆ ಯಾರ ಹೊಟ್ಟೆಯೂ ತುಂಬುವುದಿಲ್ಲ. ತಟ್ಟೆಯಲ್ಲಿ ಉಳಿದ ಸಾಸನ್ನು ಬ್ರೆಡ್ಡಿನಿಂದ ಒರೆಸಿ ತಿನ್ನಿ, ಫ್ರೆಂಚರೂ ತಿನ್ನುತ್ತಾರೆ. ಖಾರ ಬೇಕೆಂದರೆ ಬ್ಯಾಗಿನಿಂದ ಉಪ್ಪಿನಕಾಯಿ ತೆಗೆಯುವ ಬದಲು ಡಿಜಾನ್ ಸಾಸಿವೆ ಕೇಳಿ, ಮೂಗಿಗೆ ಏರುತ್ತದೆ.

ಹಂತ 5: ಸಿಹಿ, ಕಾಫಿ

ಕ್ರೆಮ್ ಬ್ರೂಲೆ ಎಂಬ ಮೊಟ್ಟೆಯ ಕಸ್ಟರ್ಡಿನ ಮೇಲೆ ಚಮಚದ ಬೆನ್ನಿನಿಂದ ಒಂದೇಟು ಹಾಕಿ. ಸಕ್ಕರೆ ಪದರ ಟಪ್ಪೆಂದು ಒಡೆಯಬೇಕು. ಮೇಲೆ ಬೆಚ್ಚಗೆ, ಒಳಗೆ ತಣ್ಣಗೆ. ಪದರ ಅಂಟಂಟಾಗಿ ಬಗ್ಗಿದರೆ ಮುಂಚೆಯೇ ಸುಟ್ಟು ಫ್ರಿಜ್ಜಿನಲ್ಲಿಟ್ಟದ್ದು, ವಾಪಸ್ ಕಳಿಸಿ. ಕಾಫಿ ಸಿಹಿಯಾದ ಮೇಲೆ, ಪುಟ್ಟ ಕಪ್ಪಿನಲ್ಲಿ, ಹಾಲಿಲ್ಲದೆ. ಹಾಲು ಬೇಕೇಬೇಕು ಎನ್ನುವವರು ಹೊರಗೆ ಬಂದು ದರ್ಶಿನಿಯಲ್ಲಿ ಕುಡಿಯಲಿ, ದುಡ್ಡೂ ಉಳಿಯುತ್ತದೆ.

ಹಂತ 6: ಬಿಲ್

ಜಿಎಸ್‌ಟಿ ಸಾಮಾನ್ಯ ರೆಸ್ಟೋರೆಂಟಿನಲ್ಲಿ ಶೇ 5, ದೊಡ್ಡ ಸ್ಟಾರ್ ಹೋಟೆಲಿನ ಒಳಗಿದ್ದರೆ ಶೇ 18 ಇರಬಹುದು. ಅದರ ಜೊತೆ ‘ಸರ್ವೀಸ್ ಚಾರ್ಜ್’ ಎಂಬ ಸಾಲಿದ್ದರೆ ತೆಗೆಸಿ. ಗ್ರಾಹಕರನ್ನು ಕೇಳದೆ ಅದನ್ನು ಬಿಲ್ಲಿಗೆ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ, ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿದಿದೆ. ವಾದ ಬೆಳೆಸಬೇಕಿಲ್ಲ, ‘ಇದನ್ನು ತೆಗೆದು ಬೇರೆ ಬಿಲ್ ಕೊಡಿ’ ಅಂದರೆ ಸಾಕು. ಟಿಪ್ಸ್ ಅನ್ನು ಬಡಿಸಿದವನ ಕೈಗೇ, ನೋಟಿನಲ್ಲಿ ಕೊಡಿ.