ಕೆರೆ-ಗದ್ದೆಯ ಬಸವನಹುಳು: ಗುಂಪು ಗುರುತಿಸುವ ಬಗೆ

ಬಣ್ಣ ನೋಡಿ ಬಸವನಹುಳುವಿಗೆ ಹೆಸರಿಡಲು ಹೋಗಬೇಡಿ. ಪಾಚಿ, ಕೆಸರು ಮೆತ್ತಿಕೊಂಡರೆ ಒಂದೇ ಜಾತಿಯದು ಒಂದು ಕೆರೆಯಲ್ಲಿ ಕಂದು, ಇನ್ನೊಂದರಲ್ಲಿ ಕಪ್ಪು. ಮೊದಲು ನೋಡಬೇಕಾದ್ದು ಚಿಪ್ಪಿನ ಬಾಯಿಗೆ ಮುಚ್ಚಳ ಇದೆಯೇ ಎಂದು.

ಅದಕ್ಕೆ ಜೀವಂತ ಹುಳುವೇ ಬೇಕು. ಸತ್ತ ಮೇಲೆ ಮುಚ್ಚಳ ಕಳಚಿಬೀಳುವುದರಿಂದ ದಡದ ಖಾಲಿ ಚಿಪ್ಪು ದಾರಿ ತಪ್ಪಿಸುತ್ತದೆ. ಕೈಗೆ ರಬ್ಬರ್ ಗ್ಲೌಸ್ ಹಾಕಿಕೊಂಡು ಜರಡಿಯಿಂದ ಎತ್ತಿ, ಗಾಜಿನ ಲೋಟದಲ್ಲಿ ಅದೇ ಕೆರೆಯ ನೀರಿಗೆ ಬಿಡಿ. ಕ್ಲೋರಿನ್ ಹಾಕಿದ ನಲ್ಲಿ ನೀರು ಬೇಡ, ಹುಳು ಮುದುಡಿಕೊಳ್ಳುತ್ತದೆ. ಅಲುಗಾಡಿಸದೆ ಅರ್ಧ ಗಂಟೆ ಬಿಟ್ಟರೆ ಸಾಮಾನ್ಯವಾಗಿ ಪಾದ ಚಾಚಿ ಗಾಜು ಹತ್ತುತ್ತದೆ. ಮುಚ್ಚಳವಿದ್ದರೆ ಪಾದದ ಹಿಂಭಾಗದ ಮೇಲೆ ಕಾಣುತ್ತದೆ.

ಮುಚ್ಚಳವಿದ್ದು, ಚಿಪ್ಪು ನಿಂಬೆಹಣ್ಣಿನಂತೆ ಗುಂಡಗಿದ್ದರೆ ಉಗುರಿನಿಂದ ಮುಚ್ಚಳ ತಟ್ಟಿ. ಸುಣ್ಣಕಲ್ಲಿನಂತೆ ಗಟ್ಟಿಯಾಗಿದ್ದರೆ ಅದು ಪೈಲಾ. ಕಿವಿರೂ ಉಂಟು, ಶ್ವಾಸಕೋಶವೂ ಉಂಟು. ಬೇಸಿಗೆಯಲ್ಲಿ ಕೆಸರಿನೊಳಗೆ ಬಾಗಿಲು ಹಾಕಿಕೊಂಡು ಮಲಗುತ್ತದೆ. ದಡದ ಒದ್ದೆ ಮಣ್ಣಲ್ಲಿ ಬಿಳಿ ಮೊಟ್ಟೆ ಇಡುತ್ತದೆ. ನೀರಿನ ಮೇಲೆ ಗಿಡದ ಕಾಂಡಕ್ಕೆ ಗುಲಾಬಿ ಮೊಟ್ಟೆಯ ಗೊಂಚಲು ಅಂಟಿದ್ದು, ಹುಳುವಿನ ಮುಚ್ಚಳ ಕೊಂಬಿನ ಪದರದಂತೆ ತೆಳ್ಳಗಿದ್ದರೆ ಅದು ಪೈಲಾ ಅಲ್ಲ, ದಕ್ಷಿಣ ಅಮೆರಿಕ ಮೂಲದ ಪೊಮೇಸಿಯಾ. ಆಗ್ನೇಯ ಏಷ್ಯಾದಲ್ಲಿ ಭತ್ತದ ಎಳೆ ಪೈರು ತಿನ್ನುವ ಪಿಡುಗು ಇದು.

ಮುಚ್ಚಳ ತೆಳು, ಚಿಪ್ಪು ಶಂಕುವಿನಂತಿದ್ದು ಮೇಲೆ ಕಪ್ಪು ಪಟ್ಟೆಗಳಿದ್ದರೆ ಬೆಲ್ಲಾಮಿಯಾ ಎಂದು ಹಳೆಯ ಪುಸ್ತಕಗಳು ಕರೆಯುವ, ಈಗ ಫಿಲೋಪಲುಡಿನಾ ಎನಿಸಿಕೊಂಡ ಗುಂಪು. ಮೊಟ್ಟೆ ಇಡದೆ ಮರಿ ಹಾಕುತ್ತದೆ. ಗಂಡನ್ನು ಹೀಗೆ ಗುರುತಿಸಿ: ಎಡ ಮೀಸೆ (ತಲೆಯಿಂದ ಚಾಚುವ ಸ್ಪರ್ಶಾಂಗ) ತೆಳ್ಳಗೆ, ಬಲ ಮೀಸೆ ದಪ್ಪ, ಮೊಂಡು. ಹೆಣ್ಣಿಗೆ ಎರಡೂ ಒಂದೇ. ಚಿಪ್ಪು ಉದ್ದ ತಿರುಗುಮೊಳೆಯಂತಿದ್ದರೆ ಮೆಲನಾಯಿಡಿಸ್. ಇದರಲ್ಲಿ ಗಂಡೇ ಅಪರೂಪ, ಒಂಟಿ ಹೆಣ್ಣು ತಾನೇ ಮರಿ ಹಾಕುತ್ತದೆ. ಅಕ್ವೇರಿಯಂಗೆ ಒಂದೇ ಒಂದು ಬಂದರೂ ಸಾಕು!

ಮುಚ್ಚಳ ಇಲ್ಲವೆಂದರೆ ಚಿಪ್ಪಿನ ತುದಿ ಮೇಲೆ, ಬಾಯಿ ನಿಮ್ಮ ಕಡೆಗೆ ಇರುವಂತೆ ಹಿಡಿಯಿರಿ. ಬಾಯಿ ಬಲಕ್ಕಿದ್ದು ಮೀಸೆ ಅಗಲವಾದ ತ್ರಿಕೋನದಂತಿದ್ದರೆ ಲಿಮ್ನಿಯಾ. ಎಡಕ್ಕಿದ್ದು ಮೀಸೆ ದಾರದಂತಿದ್ದರೆ ಫೈಸಾ. ಫೋಟೋ ನೋಡಿ ಹೇಳುವವರು ಸೆಲ್ಫಿ ಕ್ಯಾಮೆರಾ ಎಡ-ಬಲ ತಿರುಗಿಸುವುದನ್ನು ಮರೆಯಬಾರದು; ಲಿಮ್ನಿಯಾ ಫೈಸಾ ಆಗುವುದು ಹೀಗೆಯೇ. ಚಕ್ಕುಲಿಯಂತೆ ಚಪ್ಪಟೆ ಸುತ್ತಿದ ಇಂಡೋಪ್ಲನಾರ್ಬಿಸ್‌ಗೆ ಈ ಪರೀಕ್ಷೆ ಬೇಡ, ಅದಕ್ಕೆ ಎದ್ದು ನಿಂತ ತುದಿಯೇ ಇಲ್ಲ. ಅದರ ರಕ್ತ ಹಿಮೋಗ್ಲೋಬಿನ್‌ನಿಂದ ಕೆಂಪು.

ಗ್ಲೌಸ್ ಹಾಕಲು ಹೇಳಿದ್ದು ಈ ಕೊನೆಯ ಹುಳುವಿಗಾಗಿಯೇ. ದನದ ಸ್ಕಿಸ್ಟೊಸೋಮಾ ಪರೋಪಜೀವಿಯ ಮರಿಗಳು ಇದರಿಂದ ಹೊರಬಂದು ನೀರಲ್ಲಿ ಈಜುತ್ತವೆ. ಗದ್ದೆಗಿಳಿದವರ ಕಾಲು ತುರಿಸುವುದಕ್ಕೆ ಇವೂ ಕಾರಣ. ಲಿಮ್ನಿಯಾ ಗುಂಪಿನ ಹುಳುಗಳು ದನ-ಕುರಿಗಳಿಗೆ ಯಕೃತ್ತಿನ ಚಪ್ಪಟೆ ಹುಳು ಹರಡುತ್ತವೆ.

ಮಾದರಿ ಇಟ್ಟುಕೊಳ್ಳುವುದಾದರೆ ನೀರಿನ ಮೇಲೆ ಮೆಂತಾಲ್ ಹರಳು ಉದುರಿಸಿ ರಾತ್ರಿಯಿಡೀ ಬಿಡಿ. ಮುಟ್ಟಿದರೂ ಮುದುಡದಿದ್ದಾಗ 70% ಆಲ್ಕೋಹಾಲ್‌ಗೆ ಹಾಕಿ. ಸಾದಾ ಫಾರ್ಮಾಲಿನ್ ಬೇಡ, ಅದರ ಆಮ್ಲಕ್ಕೆ ಚಿಪ್ಪು ಕರಗುತ್ತದೆ. ಸ್ಥಳ, ದಿನಾಂಕದ ಚೀಟಿಯನ್ನು ಪೆನ್ಸಿಲ್ಲಿನಲ್ಲೇ ಬರೆದು ಬಾಟಲಿಯೊಳಗೆ ಇಡಿ. ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ನಿಲ್ಲುವುದಿಲ್ಲ.