ಲವಾಸಿಯೆಯ ಕೆಂಪು ಮೇಜುಬಟ್ಟೆ

ಹೈಸ್ಕೂಲಿನಲ್ಲಿ ಫ್ರೆಂಚ್ ವಿಜ್ಞಾನಿ ಲವಾಸಿಯೆ ಅಂದರೆ ಆಮ್ಲಜನಕ ಅಂತ ಬಾಯಿಪಾಠ ಮಾಡಿದ್ದೆ, ಅಷ್ಟೇ. ಅವನ ಮೇಜಿನ ಬಟ್ಟೆಯೊಂದಕ್ಕೇ ಇಡೀ ಮಳೆಗಾಲ ಕಳೆಯುತ್ತೇನೆ ಅಂದುಕೊಂಡಿರಲಿಲ್ಲ.

ನಾನು ನಕಲು ಮಾಡುತ್ತಿರುವುದು ಲವಾಸಿಯೆ ದಂಪತಿಯ ಚಿತ್ರ. ಅದನ್ನು ಫ್ರೆಂಚ್ ಚಿತ್ರಕಾರ ಜಾಕ್ ಲೂಯಿ ಡೇವಿಡ್ ಬರೆದದ್ದು 1788ರಲ್ಲಿ. ಈಗ ಅದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಕರಿ ಉಡುಪಿನ ಲವಾಸಿಯೆ ಏನೋ ಬರೆಯುತ್ತಾ ಕೂತಿದ್ದಾನೆ. ಗರಿಯ ಪೆನ್ನು ಕೈಯಲ್ಲೇ ಇದೆ, ಮುಖ ಮಾತ್ರ ಹೆಂಡತಿ ಮರಿ ಆನ್ ಕಡೆ ಎತ್ತಿದ್ದಾನೆ. ಅವಳು ನೋಡುತ್ತಿರುವುದು ನಮ್ಮನ್ನು. ಮೂಲ ಚಿತ್ರ ಸುಮಾರು 260 ಸೆಂ.ಮೀ. ಎತ್ತರ, 195 ಸೆಂ.ಮೀ. ಅಗಲ. ನನ್ನ ಕ್ಯಾನ್ವಾಸ್ 32 ಇಂಚು, 24 ಇಂಚು. ಮ್ಯೂಸಿಯಂನವರೇ ಉಚಿತವಾಗಿ ಕೊಡುವ ದೊಡ್ಡ ಫೋಟೊ ಇಳಿಸಿಕೊಂಡು, ಚೌಕ ಹಾಕಿ ನಕಲು ತೆಗೆದೆ.

ಮೊದಲು ಬರ್ಂಟ್ ಅಂಬರ್ ಅನ್ನುವ ಕಂದು ಬಣ್ಣಕ್ಕೆ ಟರ್ಪೆಂಟೈನ್ ಬೆರೆಸಿ ಬೆಳಕು, ನೆರಳು ಮಾತ್ರ ಹಾಕಿದೆ. ಅದು ಸಲೀಸಾಗಿ ಆಯಿತು.

ಆಮೇಲೆ ಆ ಕೆಂಪು ಬಟ್ಟೆ. ಚಿತ್ರದ ಕೆಳಗಡೆ ಎಲ್ಲಿ ನೋಡಿದರೂ ಅದೇ. ಮೊದಲ ಸಲ ನೆರಳಿಗೆ ಕಪ್ಪು ಬೆರೆಸಿದೆ. ಮಡಿಕೆಗಳೆಲ್ಲ ಮಸಿ ಹಿಡಿದಂತೆ ಕಂಡವು. ಕೆರೆದು ಹಾಕಿದೆ. ಎರಡನೇ ಸಲ ಕ್ಯಾಡ್ಮಿಯಂ ಕೆಂಪು ಹಾಕಿ, ಅದರ ಮೇಲೆ ಅಲಿಜರಿನ್ ಕ್ರಿಮ್ಸನ್ ಅನ್ನುವ ಗಾಢ ಕೆಂಪನ್ನು ತೆಳುವಾಗಿ ಎಳೆದೆ. ದಾರಿ ಸರಿಯಾಗಿಯೇ ಇತ್ತು, ಆದರೆ ತಾಳ್ಮೆ ಇರಲಿಲ್ಲ. ಮಳೆಗಾಲದಲ್ಲಿ ಎಣ್ಣೆ ಬಣ್ಣ ಬೇಗ ಒಣಗುತ್ತದಾ? ಮೇಲಿನ ಪದರ ಕೆಳಗಿನದನ್ನೂ ಎಬ್ಬಿಸಿಕೊಂಡು ಬಂತು, ಎಲ್ಲ ಕಲಸುಮೇಲೋಗರ. ಮೂರನೇ ಸಲ ಹದಿನೈದು ದಿನ ಸುಮ್ನೆ ಬಿಟ್ಟೆ. ಬೆರಳಿಗೆ ಅಂಟದಂತಾದ ಮೇಲೆ ಅಲಿಜರಿನ್‌ಗೆ ಚೂರೇ ಚೂರು ಹಸಿರು ಸೇರಿಸಿ ನೆರಳಿಗೆ ಎಳೆದೆ. ಆಗ ವೆಲ್ವೆಟ್ ಎದ್ದು ಬಂತು.

ಕೆಳಗೆ ಬಲಗಡೆ ನೆಲದ ಮೇಲೊಂದು ದೊಡ್ಡ ಗಾಜಿನ ಬುರುಡೆ ಇದೆ. ಗಾಜು ಬರೆಯುವುದೇ ಕಷ್ಟ ಅಂತ ಹೆದರಿದ್ದೆ. ಆದರೆ ಅಲ್ಲಿ ಬರೆಯಬೇಕಾದದ್ದು ಗಾಜಲ್ಲ, ಅದರ ಹಿಂದಿನ ನೆಲ. ಅದು ಒಣಗಿದ ಮೇಲೆ ಅಂಚಿಗೆ ತೆಳು ಗೆರೆ, ಹೊಳೆಯುವ ಕಡೆ ಗಟ್ಟಿ ಬಿಳಿ. ಒಂದೇ ಸಂಜೆಯ ಕೆಲಸ.

ನನ್ನ ಒದ್ದಾಟ ನೋಡಿ ಸ್ನೇಹಿತರೊಬ್ಬರು, 2021ರಲ್ಲಿ ಮ್ಯೂಸಿಯಂನವರು ಈ ಚಿತ್ರವನ್ನು ಪರೀಕ್ಷಿಸಿದ ಸುದ್ದಿ ಕಳಿಸಿದರು. ಬಣ್ಣದ ಅಡಿಯಲ್ಲಿ ಇನ್ನೊಂದು ಚಿತ್ರವೇ ಸಿಕ್ಕಿದೆ! ಮರಿ ಆನ್ ತಲೆ ಮೇಲೆ ಹೂವು, ರಿಬ್ಬನ್ನಿನ ದೊಡ್ಡ ಟೋಪಿ. ಕೆಂಪು ಬಟ್ಟೆಯ ಜಾಗದಲ್ಲಿ ಮಿರುಗುವ ಅಲಂಕಾರದ ಮೇಜು. ಪ್ರಯೋಗದ ಉಪಕರಣಗಳೂ ಆಮೇಲೆ ಬಂದವು. ಲವಾಸಿಯೆ ರಾಜನ ಪರವಾಗಿ ತೆರಿಗೆ ಎತ್ತುವ ಕಂಪನಿಯ ಪಾಲುದಾರನೂ ಆಗಿದ್ದ. ಮೊದಲು ಬರೆದದ್ದು ಆ ಸಿರಿವಂತನನ್ನು, ಅವನನ್ನು ಮುಚ್ಚಿ ವಿಜ್ಞಾನಿಯನ್ನು ಕೂರಿಸಿದ್ದಾರೆ. ಆದರೂ ಫ್ರೆಂಚ್ ಕ್ರಾಂತಿಯ ಹೊತ್ತಿನಲ್ಲಿ, 1794ರಲ್ಲಿ, ಗಿಲೊಟಿನ್‌ಗೆ ತಲೆ ಕೊಟ್ಟದ್ದು ಆ ತೆರಿಗೆಯವನೇ.

ಅಂದರೆ ನಾನು ಮೂರು ಸಲ ಬಳಿದ ಬಟ್ಟೆ ಡೇವಿಡ್‌ಗೂ ಮೊದಲ ಯೋಚನೆಯಲ್ಲ. ಸ್ವಲ್ಪ ಸಮಾಧಾನ ಆಯ್ತು, ಸುಳ್ಳು ಯಾಕೆ.

ಈಗ ಮರಿ ಆನ್ ಕೈ ಬರೆಯುತ್ತಿದ್ದೇನೆ, ಗಂಡನ ಭುಜದ ಮೇಲಿರುವ ಕೈ. ಅವಳು ಡೇವಿಡ್ ಹತ್ತಿರವೇ ಚಿತ್ರ ಕಲಿತವಳು. ಗಂಡನ 1789ರ ರಸಾಯನಶಾಸ್ತ್ರದ ಪುಸ್ತಕಕ್ಕೆ ಉಪಕರಣಗಳ ಚಿತ್ರ ಬರೆದದ್ದೂ ಇದೇ ಕೈ. ಬೆರಳುಗಳು ಇನ್ನೂ ಬೆಂಡೆಕಾಯಿ ಥರಾನೇ ಇವೆ.